ಖಾಲಿ ಹೊತ್ತಿನ ಸಿಟ್ಟು

ಫ್ರಾನ್ಸಿನ ಮಾತ್ಯೂ ಕಾಸೊವಿಟ್ಸ್ ನಿರ್ದೇಶಿಸಿದ ‘ಲಾ ಏನ್’ ತೆರೆಗೆ ಬಂದದ್ದು 1995ರಲ್ಲಿ. ಹೆಸರಿನ ಅರ್ಥ ‘ದ್ವೇಷ’. ಪ್ಯಾರಿಸ್ಸಿನ ಹೊರವಲಯದ ವಸತಿ ಸಮುಚ್ಚಯವೊಂದರ ಮೂವರು ಹುಡುಗರ ಒಂದು ದಿನದ ಕತೆ ಅದು. ವಿನ್ಸ್ ಯಹೂದಿ, ಸಯೀದ್ ಅರಬ್, ಯೂಬೇರ್ ಆಫ್ರಿಕಾ ಮೂಲದವನು. ಪೊಲೀಸರ ವಶದಲ್ಲಿ ಪೆಟ್ಟು ತಿಂದ ಅಬ್ದೆಲ್ ಎಂಬ ಹುಡುಗ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಇದ್ದಾನೆ. ಅದಕ್ಕಾಗಿ ಹಿಂದಿನ ರಾತ್ರಿ ಗಲಭೆಯಾಗಿದೆ. ಗಲಭೆಯಲ್ಲಿ ಪೊಲೀಸನೊಬ್ಬ ಕಳೆದುಕೊಂಡ ರಿವಾಲ್ವರ್ ವಿನ್ಸ್ ಕೈಗೆ ಸಿಕ್ಕಿದೆ. ಇಷ್ಟು ಕೇಳಿದರೆ ಇದು ಪೊಲೀಸ್ ದೌರ್ಜನ್ಯದ ಸಿನಿಮಾ ಅನ್ನಿಸುತ್ತದೆ. 1993ರಲ್ಲಿ ಪ್ಯಾರಿಸ್ಸಿನ ಠಾಣೆಯೊಂದರಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಪೊಲೀಸನ ಗುಂಡಿಗೆ ಸತ್ತದ್ದು ಇದರ ಹಿಂದಿರುವುದೂ ನಿಜ. ಆದರೂ ನಾನು ಇದನ್ನು ನಿರುದ್ಯೋಗದ ಸಿನಿಮಾ ಎಂದೇ ನೋಡುತ್ತೇನೆ.

ವಿಚಿತ್ರವೆಂದರೆ ಈ ಹುಡುಗರು ಕೆಲಸ ಮಾಡುವ, ಕೆಲಸಕ್ಕೆ ಅರ್ಜಿ ಹಾಕುವ ಒಂದು ದೃಶ್ಯವೂ ಇದರಲ್ಲಿಲ್ಲ. ಅದರ ಬದಲಿಗೆ ಗಡಿಯಾರವಿದೆ. 10:38 ಎಂದು ಶುರುವಾಗಿ ಮರುದಿನ ಬೆಳಗಿನ ಆರು ದಾಟುವವರೆಗೆ ಪರದೆಯ ಮೇಲೆ ಆಗಾಗ ಗಂಟೆ ನಿಮಿಷ ಮೂಡುತ್ತದೆ. ಹೊತ್ತಿಗೆ ಸರಿಯಾಗಿ ಎಲ್ಲಿಗಾದರೂ ಹೋಗಬೇಕಾದವರಿಗೆ ಗಡಿಯಾರ ಬೇಕು. ಇವರಿಗೆ ಹೋಗಬೇಕಾದ ಜಾಗವಿಲ್ಲ. ಮಹಡಿಯ ಮೇಲೆ ಕೂರುತ್ತಾರೆ, ಅಲ್ಲಿಂದ ಎಬ್ಬಿಸಿದರೆ ಮೈದಾನಕ್ಕೆ ಬರುತ್ತಾರೆ, ಸುಮ್ಮನೆ ಹರಟುತ್ತಾರೆ, ಅದರ ನಡುವೆ ಜಗಳವಾಡುತ್ತಾರೆ. ಪ್ಯಾರಿಸ್ಸಿಗೆ ಹೋದರೆ ಕೊನೆಯ ರೈಲು ತಪ್ಪುತ್ತದೆ. ಹೀಗೆ ಹೊತ್ತು ಹೋಗದಿರುವುದೇ ಇಲ್ಲಿ ಕತೆಯನ್ನು ಮುಂದಕ್ಕೆ ತಳ್ಳುತ್ತದೆ. ನೂಕಿದರೂ ಹೋಗದ ಹೊತ್ತಿನಲ್ಲಿ ಒಂದು ರಿವಾಲ್ವರ್ ಕಿಸೆಯಲ್ಲಿದ್ದರೆ ಅದರ ತೂಕ ಹೆಚ್ಚುತ್ತಲೇ ಹೋಗುತ್ತದೆ.

ಮೂವರಲ್ಲಿ ಏನಾದರೂ ಕಟ್ಟಲು ಹೊರಟವನು ಯೂಬೇರ್. ಅವನ ಬಾಕ್ಸಿಂಗ್ ಜಿಮ್ ಗಲಭೆಯಲ್ಲಿ ಸುಟ್ಟುಹೋಗಿದೆ. ಸುಟ್ಟದ್ದು ಅವನದೇ ಕೇರಿಯ ಸಿಟ್ಟು. ಅವನು ಗಾಂಜಾ ಜಾತಿಯ ಹಶೀಶ್ ಮಾರಿ ಬಂದ ದುಡ್ಡಿನಲ್ಲಿ ಅಮ್ಮನಿಗೆ ಗ್ಯಾಸ್ ಬಿಲ್ಲಿಗೆಂದು ಕೊಡುತ್ತಾನೆ. ಬಹಳ ಸಣ್ಣ ದೃಶ್ಯ ಅದು, ಆದರೆ ಮನೆ ನಡೆಯುವುದು ಹೇಗೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆ ಕಡೆ ಸಮೀರ್ ಎಂಬ ಅರಬ್ ಮೂಲದ ಪೊಲೀಸನಿದ್ದಾನೆ. ಠಾಣೆಯಿಂದ ಸಯೀದನನ್ನು ಬಿಡಿಸುವವನು ಅವನೇ. ಕಾಯಂ ನೌಕರಿ ಸಿಕ್ಕವನು ಆಚೆ ದಡದಲ್ಲಿ ನಿಂತು ಕೈಚಾಚಬೇಕು. ಈಚೆಯವರು ಆ ಕೈಯನ್ನು ನಂಬುವುದಿಲ್ಲ.

ತರಗತಿಯಲ್ಲಿ ಈ ಚಿತ್ರ ತೋರಿಸಿದಾಗೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಸರ್, ಇವರು ಎಲ್ಲಾದರೂ ಒಂದು ಕೆಲಸ ಹುಡುಕಿಕೊಳ್ಳಬಹುದಿತ್ತಲ್ಲ?” ಸರಿಯಾದ ಪ್ರಶ್ನೆ. ಚಿತ್ರ ಇದಕ್ಕೆ ಉತ್ತರ ಕೊಡುವುದಿಲ್ಲ. ಅದು ಅದರ ದೊಡ್ಡ ಕೊರತೆ. ಉತ್ತರ ಚಿತ್ರದ ಹೊರಗಿದೆ. ಫ್ರಾನ್ಸಿನ ಜನಗಣತಿ ಯಾರ ಜನಾಂಗವನ್ನೂ ಧರ್ಮವನ್ನೂ ಕೇಳುವುದಿಲ್ಲ. ಗಣರಾಜ್ಯಕ್ಕೆ ಎಲ್ಲರೂ ಪ್ರಜೆಗಳು, ಅಷ್ಟೇ. ಹಾಗಾಗಿ ತಾರತಮ್ಯವನ್ನು ಅಳೆಯಲು ಸಂಶೋಧಕರು ಕಲ್ಪಿತ ಅರ್ಜಿಗಳನ್ನು ಕಳಿಸಿ ನೋಡುತ್ತಾರೆ. ಅರ್ಥಶಾಸ್ತ್ರಜ್ಞೆ ಮರಿ-ಆನ್ ವಾಲ್ಫೋರ್ ಆರು ಸಾವಿರಕ್ಕೂ ಹೆಚ್ಚು ಉದ್ಯೋಗ ಜಾಹೀರಾತುಗಳಿಗೆ ಹೀಗೆ ಅರ್ಜಿ ಹಾಕಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲ ಅರ್ಜಿದಾರರೂ ಲೆಬನಾನ್ ಮೂಲದವರು, ಅರ್ಹತೆಯೂ ಸಮ. ಧರ್ಮ ಮಾತ್ರ ಬೇರೆ. ಕ್ಯಾಥೊಲಿಕ್ ಆದ ಮಿಷೆಲ್‌ಗೆ ಬಂದ ಕರೆಗಳಿಗೆ ಹೋಲಿಸಿದರೆ ಮೊಹಮ್ಮದ್‌ಗೆ ಬಂದದ್ದು ಸುಮಾರು ನಾಲ್ಕರಲ್ಲಿ ಒಂದು ಪಾಲು. ಇದು ಫ್ರಾನ್ಸಿನ ಕತೆ ಎಂದು ನಾವು ನಿರಾಳವಾಗಬೇಕಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್ವೆಲ್ 2007ರಲ್ಲಿ ಪ್ರಕಟಿಸಿದ ಇಂಥದೇ ಅಧ್ಯಯನದಲ್ಲಿ ಭಾರತದ ಖಾಸಗಿ ಕಂಪನಿಗಳು ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಮೇಲ್ಜಾತಿಯ ಹೆಸರಿಗಿಂತ ಕಡಿಮೆ ಕರೆ ಕೊಟ್ಟಿದ್ದವು.

ಚಿತ್ರದ ಇನ್ನೊಂದು ಸಮಸ್ಯೆ ಅದರ ಗೆಳೆತನದಲ್ಲಿದೆ. ಮೂರು ಕುಲದ ಮೂವರನ್ನು ಒಟ್ಟಿಗೆ ನಿಲ್ಲಿಸಿ, ಎದುರಿಗೆ ಪೊಲೀಸರನ್ನು ನಿಲ್ಲಿಸಿದರೆ ಜನಾಂಗದ ಬಿರುಕೆಲ್ಲ ಆ ಗಡಿಯಲ್ಲೇ ಇದೆ ಅನ್ನಿಸಿಬಿಡುತ್ತದೆ. ಇದಕ್ಕಿಂತ ಹತ್ತು ವರ್ಷ ಹಿಂದೆ ಹನೀಫ್ ಕುರೇಶಿ ಬರೆದು ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ಈ ವಿಷಯದಲ್ಲಿ ಹೆಚ್ಚು ಧೈರ್ಯದ್ದು. ಅದು ಥ್ಯಾಚರ್ ಕಾಲದ ಲಂಡನ್. ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷ ದಾಟಿದ್ದ ದಿನಗಳು. ಪಾಕಿಸ್ತಾನಿ ಮನೆತನದ ಒಮರ್ ಚಿಕ್ಕಪ್ಪನ ಬಟ್ಟೆ ಒಗೆಯುವ ಅಂಗಡಿ ವಹಿಸಿಕೊಳ್ಳುತ್ತಾನೆ. ಒಮ್ಮೆ ಜನಾಂಗ ದ್ವೇಷಿಗಳ ಮೆರವಣಿಗೆಯಲ್ಲಿ ನಡೆದಿದ್ದ ಬಿಳಿಯ ಹುಡುಗ ಜಾನಿ ಅಲ್ಲಿ ಅವನ ಕೈಕೆಳಗೆ ದುಡಿಯುತ್ತಾನೆ. ಇಬ್ಬರೂ ಶಾಲೆಯ ಗೆಳೆಯರು, ಪ್ರೇಮಿಗಳು ಕೂಡ. ಆದರೂ ಸಂಬಳ ಕೊಡುವವನು ಯಾರು, ನೆಲ ಒರೆಸುವವನು ಯಾರು ಎಂಬುದನ್ನು ಒಮರ್ ಮರೆಯುವುದಿಲ್ಲ, ಮರೆಯಲು ಬಿಡುವುದೂ ಇಲ್ಲ. ಜಾನಿಯ ಹಳೆಯ ಜೊತೆಗಾರರಿಗೆ ಕೆಲಸವಿಲ್ಲ. ‘ಅವರ’ ಹತ್ತಿರ ‘ನಮ್ಮವನು’ ದುಡಿಯುವುದು ಅವರಿಗೆ ಅವಮಾನ. ಕೊನೆಗೆ ಅಂಗಡಿಯ ಗಾಜು ಒಡೆಯುವುದು ಆ ಅವಮಾನವೇ. ಕೆಲಸವಿಲ್ಲದ ಬಿಳಿಯ ಹುಡುಗ, ಕೆಲಸ ಕೊಡುವ ಕಂದು ಚರ್ಮದವನು: ಕುರೇಶಿ ಈ ಇಬ್ಬರಲ್ಲಿ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವ ಗೋಜಿಗೆ ಹೋಗುವುದಿಲ್ಲ. ಆದರೆ ಒಮರನಿಗೆ ಬಂಡವಾಳವಿರುವ ಚಿಕ್ಕಪ್ಪನಿದ್ದ. ಸಯೀದನಿಗೆ ಅಂಥವರಿಲ್ಲ. ಆ ಖಾಲಿತನ ಏನೆಂದು ತಿಳಿಯಲು ಮತ್ತೆ ಕಾಸೊವಿಟ್ಸ್ ಹತ್ತಿರವೇ ಹೋಗಬೇಕು.

‘ಲಾ ಏನ್’ ಬಂದಾಗ ಆಗಿನ ಪ್ರಧಾನಿ ಅಲಾಂ ಜುಪ್ಪೆ ತಮ್ಮ ಸಚಿವರಿಗಾಗಿ ಅದರ ವಿಶೇಷ ಪ್ರದರ್ಶನ ಏರ್ಪಡಿಸಿದ್ದರು. ಹತ್ತು ವರ್ಷ ಕಳೆದು, 2005ರ ಅಕ್ಟೋಬರ್ 27ರಂದು, ಕ್ಲಿಶಿ-ಸೂ-ಬ್ವಾದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ವಿದ್ಯುತ್ ಕೇಂದ್ರದೊಳಗೆ ಅಡಗಿದ ಇಬ್ಬರು ಹುಡುಗರು ಶಾಕ್ ಹೊಡೆದು ಸತ್ತರು. ಊರೂರಲ್ಲಿ ಗಲಭೆಯಾಯಿತು. ಅಲ್ಜೀರಿಯಾ ಯುದ್ಧದ ಕಾಲದ 1955ರ ಕಾಯ್ದೆಯಡಿ ತುರ್ತುಸ್ಥಿತಿ ಬಂತು. 2023ರಲ್ಲಿ ನಾಂತೇರ್‌ನಲ್ಲಿ ಪೊಲೀಸ್ ಗುಂಡಿಗೆ ಹದಿನೇಳರ ಹುಡುಗ ಸತ್ತಾಗ ಮತ್ತೆ ಅದೇ.

ಸಚಿವರು ಅಂದು ಪರದೆಯ ಮೇಲೆ ಕಂಡದ್ದೇನು? ರಿವಾಲ್ವರನ್ನು ಕಂಡಿರಬೇಕು. ಗಡಿಯಾರ ಅವರ ಕಣ್ಣಿಗೆ ಬಿದ್ದಂತಿಲ್ಲ. ನಾವೂ ಹಾಗೆಯೇ ನೋಡುವ ಅಪಾಯವಿದೆ. ಬೆಂಕಿ ಬಿದ್ದ ಕಾರು ಸುಲಭವಾಗಿ ಕಾಣುತ್ತದೆ. ಉತ್ತರ ಬಾರದ ಅರ್ಜಿಯನ್ನು ಯಾವ ಕ್ಯಾಮೆರಾವೂ ಸುಲಭವಾಗಿ ತೋರಿಸಲಾರದು. ಈ ಎರಡು ಚಿತ್ರಗಳನ್ನು ಒಂದೇ ವಾರದಲ್ಲಿ, ಮೊದಲು ಲಂಡನ್ ಆಮೇಲೆ ಪ್ಯಾರಿಸ್ ಎಂಬ ಕ್ರಮದಲ್ಲಿ ನೋಡಿ. ಎರಡನೆಯದರಲ್ಲಿ ಅಂಕಿಗಳು ಮೂಡಿದಾಗಲೆಲ್ಲ, ಈ ಗಂಟೆಯಲ್ಲಿ ಈ ಮೂವರು ಎಲ್ಲಿರಬೇಕಿತ್ತು ಎಂದು ಒಮ್ಮೆ ಕೇಳಿಕೊಳ್ಳಿ.