ಮಿಡಿತ ಮತ್ತು ಎಳೆತ: ಮಿಡಿ ಪ್ಲಗ್-ಇನ್‌ಗಳಲ್ಲಿ ಸ್ವರದ ಪರಿಕಲ್ಪನೆ

ಸಂಗೀತಕ್ಕೂ ಯಂತ್ರಕ್ಕೂ ಇರುವ ಸಂಬಂಧವನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಎರಡು ತುದಿಗಳಲ್ಲಿ ನಿಂತುಬಿಡುತ್ತವೆ. ಯಂತ್ರವು ಸಂಪ್ರದಾಯವನ್ನು ಕೆಡಿಸುತ್ತದೆ ಎಂಬ ಆತಂಕ ಒಂದು ಕಡೆ. ಯಂತ್ರವು ಕೇವಲ ಸಾಧನ, ಎಲ್ಲವೂ ಬಳಸುವವರ ಕೈಯಲ್ಲಿದೆ ಎಂಬ ಸಮಾಧಾನ ಇನ್ನೊಂದು ಕಡೆ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ನಿಷೇಧಿಸಿ, ಮೂರು ದಶಕಗಳ ನಂತರ ಆ ನಿಷೇಧವನ್ನು ಸಡಿಲಿಸಿದ ಪ್ರಸಂಗದಲ್ಲಿ ಈ ಎರಡೂ ನಿಲುವುಗಳನ್ನು ಕಾಣಬಹುದು. ಆದರೆ ಒಂದು ಸಾಧನದೊಳಗೆ ಸಂಗೀತದ ಬಗೆಗಿನ ಯಾವ ಗ್ರಹಿಕೆ ಅಡಗಿದೆ ಎಂಬ ಪ್ರಶ್ನೆಯನ್ನು ನಾವು ಕೇಳಿರುವುದು ಕಡಿಮೆ. ಗಣಕಯಂತ್ರದಲ್ಲಿ ಸಂಗೀತ ಸಂಯೋಜಿಸುವವರು ಇಂದು ದಿನನಿತ್ಯ ಬಳಸುವ ಮಿಡಿ ಎಫೆಕ್ಟ್ ಪ್ಲಗ್-ಇನ್‌ಗಳನ್ನು ಕರ್ನಾಟಕ ಸಂಗೀತದ ದೃಷ್ಟಿಯಿಂದ ಪರಿಶೀಲಿಸಿ, ಆ ಪ್ರಶ್ನೆಗೆ ಉತ್ತರ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

1

ಡೇವ್ ಸ್ಮಿತ್, ಇಕುಟಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ರೂಪುಗೊಂಡ ಮಿಡಿ, ಬೇರೆ ಬೇರೆ ಕಂಪನಿಗಳ ವಿದ್ಯುನ್ಮಾನ ವಾದ್ಯಗಳು ಪರಸ್ಪರ ಸಂವಹಿಸಲು ಏರ್ಪಟ್ಟ ಒಂದು ಸಂಕೇತ ಭಾಷೆ. ಅದರಲ್ಲಿ ನಾದವಿಲ್ಲ, ನಾದಕ್ಕೆ ಆಜ್ಞೆ ಮಾತ್ರ ಇದೆ. ಯಾವ ಮನೆಯನ್ನು ಒತ್ತಲಾಯಿತು, ಎಷ್ಟು ವೇಗವಾಗಿ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬುದೇ ಆ ಆಜ್ಞೆಯ ತಿರುಳು. ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ. ಒತ್ತಿನ ವೇಗಕ್ಕೂ ಅದೇ ಅಳತೆ.

‘ಮಿಡಿ’ ಎಂಬುದು ಒಂದು ಇಂಗ್ಲಿಷ್ ಪದಪುಂಜದ ಸಂಕ್ಷೇಪ. ಆದರೆ ಕನ್ನಡದಲ್ಲಿ ಮಿಡಿ ಎಂದರೆ ತಂತಿಯನ್ನು ಬೆರಳಿನಿಂದ ಮೀಟುವುದು. ಈ ಆಕಸ್ಮಿಕ ಹೋಲಿಕೆ ನಮ್ಮ ಚರ್ಚೆಗೆ ಉಪಯುಕ್ತವಾಗಿದೆ. ವೀಣೆಯಲ್ಲಿ ಬಲಗೈ ತಂತಿಯನ್ನು ಮಿಡಿಯುತ್ತದೆ. ಎಡಗೈ ಮೆಟ್ಟಿನ ಮೇಲೆ ತಂತಿಯನ್ನು ಒತ್ತಿ, ಜಾರಿಸಿ, ಪಕ್ಕಕ್ಕೆ ಎಳೆಯುತ್ತದೆ. ಮಿಡಿ ಭಾಷೆ ಮೂಲತಃ ಬಲಗೈಯ ಭಾಷೆ. ಎಡಗೈಯ ಕೆಲಸಕ್ಕೆ ಅದರಲ್ಲಿ ಅವಕಾಶವಿಲ್ಲವೆಂದಲ್ಲ. ಆದರೆ ಅದು ಸ್ವರದ ಅಂಗವಾಗಿರದೆ ‘ಪಿಚ್ ಬೆಂಡ್’ ಎಂಬ ಪ್ರತ್ಯೇಕ ಆಜ್ಞೆಯಾಗಿದೆ.

ಸಂಯೋಜಕರು ನುಡಿಸಿದ ಆಜ್ಞೆಗಳು ಧ್ವನಿಯಾಗಿ ಹೊಮ್ಮುವ ಮೊದಲೇ ಅವುಗಳನ್ನು ತಡೆದು, ಬದಲಿಸಿ, ಹೆಚ್ಚಿಸಿ ಮುಂದಕ್ಕೆ ಕಳುಹಿಸುವ ತಂತ್ರಾಂಶವೇ ಮಿಡಿ ಎಫೆಕ್ಟ್ ಪ್ಲಗ್-ಇನ್. ಪ್ರತಿಧ್ವನಿ ಮುಂತಾದ ಧ್ವನಿ ಪರಿಣಾಮಗಳು ನಾದದ ಮೇಲೆ ಕೆಲಸ ಮಾಡಿದರೆ, ಇವು ನಾದಕ್ಕಿಂತ ಹಿಂದಿನ ಹಂತದಲ್ಲಿ, ಅಂದರೆ ಸಂಗೀತದ ವ್ಯಾಕರಣದ ಮೇಲೆಯೇ ಕೆಲಸ ಮಾಡುತ್ತವೆ. ಆದ್ದರಿಂದ ಇವುಗಳ ವಿಮರ್ಶೆ ತಂತ್ರಜ್ಞರಿಗೆ ಬಿಟ್ಟ ವಿಷಯವಲ್ಲ. ಅದು ಸಂಗೀತಶಾಸ್ತ್ರದ ವಿಷಯ.

2

ಏಬಲ್‌ಟನ್ ಲೈವ್ ತಂತ್ರಾಂಶದ ‘ಸ್ಕೇಲ್’ ಎಂಬ ಸಾಧನವನ್ನು ಮೊದಲು ನೋಡೋಣ. ಅದರ ತೆರೆಯ ಮೇಲೆ ಒಂದು ಚೌಕಳಿ ಇದೆ. ಒಳಬರುವ ಪ್ರತಿಯೊಂದು ಸ್ವರವೂ ಯಾವ ಸ್ವರವಾಗಿ ಹೊರಹೋಗಬೇಕೆಂದು ಅಲ್ಲಿ ಗುರುತಿಸಬಹುದು. ಮಾಯಾಮಾಳವಗೌಳದ ಏಳು ಸ್ವರಗಳನ್ನು ಗುರುತಿಸಿದರೆ, ಯಾವ ಮನೆಯನ್ನು ಒತ್ತಿದರೂ ಆ ಮೇಳದ ಹೊರಗಿನ ಸ್ವರ ಕೇಳುವುದಿಲ್ಲ. 72 ಮೇಳಗಳನ್ನೂ ಹೀಗೆಯೇ ಅಳವಡಿಸಬಹುದು. ಆದರೆ ಮೇಳ ಸಿಕ್ಕಿದೊಡನೆ ರಾಗ ಸಿಕ್ಕಿತೆ?

ಬಿಲಹರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಆರೋಹಣದಲ್ಲಿ ಮಧ್ಯಮ, ನಿಷಾದಗಳಿಲ್ಲ. ಅವರೋಹಣದಲ್ಲಿ ಏಳು ಸ್ವರಗಳೂ ಇವೆ. ಆದ್ದರಿಂದ ಒಂದು ಮಧ್ಯಮ ಸರಿಯೇ ತಪ್ಪೇ ಎಂಬುದು ಅದರ ಹಿಂದುಮುಂದಿನ ಸ್ವರಗಳನ್ನು ಅವಲಂಬಿಸಿದೆ. ಮೇಲೆ ಹೇಳಿದ ಚೌಕಳಿಗೆ ಈ ಸ್ಮರಣೆ ಇಲ್ಲ. ಪ್ರತಿ ಸ್ವರವನ್ನೂ ಅದು ಪೂರ್ವಾಪರವಿಲ್ಲದ ಒಂಟಿ ಘಟನೆಯಾಗಿ ಕಾಣುತ್ತದೆ. ಇದನ್ನು ಯಂತ್ರದ ಮಿತಿ ಎನ್ನುವಂತಿಲ್ಲ. ಲಾಜಿಕ್ ತಂತ್ರಾಂಶದ ‘ಸ್ಕ್ರಿಪ್ಟರ್’ ಎಂಬ ಪ್ಲಗ್-ಇನ್‌ನಲ್ಲಿ ಬಳಕೆದಾರರೇ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ನಿಯಮ ಬರೆಯಬಹುದು. ಹಿಂದಿನ ಸ್ವರವನ್ನು ನೆನಪಿಟ್ಟು ಆರೋಹಣದ ಮಧ್ಯಮವನ್ನು ತಡೆಯುವ ನಿಯಮಕ್ಕೆ ಕೆಲವೇ ಸಾಲುಗಳು ಸಾಕು. ಅಂದರೆ ಸಿದ್ಧ ಸಾಧನದಲ್ಲಿ ಇರುವ ಕೊರತೆ ಅದನ್ನು ರೂಪಿಸಿದವರ ಸಂಗೀತ ಕಲ್ಪನೆಯದು.

3

ಯಂತ್ರ ಗೆಲ್ಲುವ ಕ್ಷೇತ್ರಗಳನ್ನೂ ಪ್ರಾಮಾಣಿಕವಾಗಿ ಗುರುತಿಸಬೇಕು. ಪುರಂದರದಾಸರು ರೂಪಿಸಿದರೆಂದು ಪರಂಪರೆ ಹೇಳುವ ಸರಳೆವರಿಸೆ, ಅಲಂಕಾರಗಳು ಸ್ವರಗಳ ನಿಯಮಬದ್ಧ ಜೋಡಣೆಗಳು. ಸರಿಗಮ, ರಿಗಮಪ, ಗಮಪದ ಎಂದು ಏರುವ ಕ್ರಮದ ಮೊದಲ ಮೆಟ್ಟಿಲನ್ನು ಹೇಳಿದರೆ ಉಳಿದುದನ್ನು ಗಣಿಸಿಬಿಡಬಹುದು. ಒತ್ತಿಹಿಡಿದ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಲಯಕ್ಕೆ ತಕ್ಕಂತೆ ನುಡಿಸುವ ‘ಆರ್ಪೆಜಿಯೇಟರ್’ ಇದೇ ಕುಲಕ್ಕೆ ಸೇರಿದ್ದು. ಗತಿಭೇದ, ಮುಕ್ತಾಯಗಳ ಲೆಕ್ಕಾಚಾರವೂ ಇಂಥ ಸಾಧನಗಳಿಗೆ ಸುಲಭ.

ಆದರೆ ಜಂಟಿವರಿಸೆಗೆ ಬಂದೊಡನೆ ಗಡಿ ಗೋಚರಿಸುತ್ತದೆ. ಸಸ, ರಿರಿ, ಗಗ ಎಂಬಲ್ಲಿ ಎರಡನೆಯ ಸ್ವರವನ್ನು ಒತ್ತಿ ಹಾಡಬೇಕೆಂದು ಗುರುಗಳು ಹೇಳಿಕೊಡುತ್ತಾರೆ. ‘ವೆಲಾಸಿಟಿ’ ಪ್ಲಗ್-ಇನ್ ಆ ಸ್ವರದ ಒತ್ತನ್ನು 80ರಿಂದ 110ಕ್ಕೆ ಏರಿಸಬಲ್ಲದು. ಸ್ವರ ಜೋರಾಗುತ್ತದೆ, ಜಂಟಿಯಾಗುವುದಿಲ್ಲ. ಏಕೆಂದರೆ ಅಲ್ಲಿ ಬೇಕಾಗಿರುವುದು ಕೆಳಗಿನ ಸ್ವರವನ್ನು ಸ್ಪರ್ಶಿಸಿ ಮೇಲೇಳುವ ಸ್ಫುರಿತ. ಯಂತ್ರವು ಒತ್ತನ್ನು ಪ್ರಮಾಣವೆಂದು ತಿಳಿಯುತ್ತದೆ; ನಮ್ಮಲ್ಲಿ ಅದು ಚಲನೆ. ಬಾಲಪಾಠದ ಎರಡನೆಯ ಹಂತದಲ್ಲೇ ಬಲಗೈಯ ಭಾಷೆ ಸಾಲದಾಗುತ್ತದೆ.

4

ಶ್ರುತಿಗಳ ಸೂಕ್ಷ್ಮತೆ ಮಿಡಿಗೆ ಎಟುಕದು ಎಂಬ ಆಕ್ಷೇಪ ಪದೇ ಪದೇ ಕೇಳಿಬರುತ್ತದೆ. ಇದು ಪರಿಶೀಲನೆಗೆ ನಿಲ್ಲುವುದಿಲ್ಲ. ಪಿಚ್ ಬೆಂಡ್ ಆಜ್ಞೆಗೆ 16,384 ಹಂತಗಳಿವೆ. ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸ್ವರಸ್ಥಾನಗಳ ವ್ಯಾಪ್ತಿಯಲ್ಲಿ ಅವು ಹರಡಿದರೆ, ಒಂದು ಸ್ವರಸ್ಥಾನದೊಳಗೆ ನಾಲ್ಕು ಸಾವಿರಕ್ಕೂ ಮಿಕ್ಕಿ ಹಂತಗಳಾಗುತ್ತವೆ. ಈ ಆಜ್ಞೆ ಒಂದು ಚಾನೆಲ್‌ನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆಂಬುದು ನಿಜ. ಸ್ವರಮೇಳಪ್ರಧಾನ ಸಂಗೀತಕ್ಕೆ ಅದು ತೊಡಕು. ಅದರ ಪರಿಹಾರಕ್ಕಾಗಿ 2018ರಲ್ಲಿ ಎಂಪಿಇ ಎಂಬ ವಿಸ್ತರಣೆಯೂ, 2020ರಲ್ಲಿ ಮಿಡಿ 2.0 ಕೂಡ ಬಂದವು. ಒಂದು ಕಾಲಕ್ಕೆ ಒಂದೇ ಸ್ವರ ನಡೆಯುವ ನಮ್ಮ ಸಂಗೀತಕ್ಕಾದರೋ 1983ರ ಆಜ್ಞೆಯೇ ಸಾಕಾಗಿತ್ತು. ವೀಣೆಯಲ್ಲೂ ಸ್ಥಾಯಿಗೆ 12 ಮೆಟ್ಟುಗಳೇ ಇರುವುದೆಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ತೊಡಕು ಎಲ್ಲಿದೆ? ತೋಡಿಯ ಗಾಂಧಾರವೂ ಖರಹರಪ್ರಿಯದ ಗಾಂಧಾರವೂ ಶಾಸ್ತ್ರದಲ್ಲಿ ಸಾಧಾರಣ ಗಾಂಧಾರವೇ. ಷಡ್ಜವನ್ನು 60 ಎಂದಿಟ್ಟುಕೊಂಡರೆ ಎರಡಕ್ಕೂ ಸಂಖ್ಯೆ 63. ಕೇಳಿದ ಕಿವಿಗೆ ಅವು ಎರಡು ಬೇರೆ ಸ್ವರಗಳು. ಈ ವ್ಯತ್ಯಾಸವನ್ನು ತರಲು ಪಿಚ್ ಬೆಂಡ್‌ಗೆ ಒಂದು ತರಂಗವನ್ನು ಜೋಡಿಸುವ ‘ಮಾಡ್ಯುಲೇಟರ್’ ಬಳಸಿದರೆ ಸ್ವರ ಸಮಪ್ರಮಾಣದಲ್ಲಿ ನಡುಗುತ್ತದೆ. ಕಂಪಿತವು ಅಂಥ ನಡುಕವಲ್ಲ. ಅದರ ವಿಸ್ತಾರ, ವೇಗ, ಕೊನೆಯ ತಂಗುದಾಣಗಳು ಕಾಲಪ್ರಮಾಣವನ್ನೂ ಹಿಂದಿನ ಸ್ವರವನ್ನೂ ಮುಂದಿನ ಸ್ವರವನ್ನೂ ಅನುಸರಿಸಿ ಬದಲಾಗುತ್ತವೆ. ಮುಖ್ಯ ಮಾತೆಂದರೆ, ನುಡಿಸುತ್ತಿರುವಾಗಲೇ ಕೆಲಸ ಮಾಡುವ ಪ್ಲಗ್-ಇನ್‌ಗೆ ಮುಂದಿನ ಸ್ವರ ಯಾವುದೆಂದು ತಿಳಿಯದು. ಗಾಂಧಾರದಿಂದ ಮಧ್ಯಮಕ್ಕೆ ಹೋಗಲಿರುವ ಗಾಯಕಿ ಗಾಂಧಾರವನ್ನು ಹಿಡಿಯುವಾಗಲೇ ಮಧ್ಯಮವನ್ನು ಮನಸ್ಸಿನಲ್ಲಿ ಕೇಳಿರುತ್ತಾಳೆ. ಗಮಕವೆಂದರೆ ಒಂದರ್ಥದಲ್ಲಿ ಬರಲಿರುವ ಸ್ವರದ ನೆರಳು. ಬರೆದಿಟ್ಟ ಸ್ವರಪಂಕ್ತಿಯನ್ನು ಇಡಿಯಾಗಿ ಓದಿ ಮಾರ್ಪಡಿಸುವ ಸಾಧನಗಳು ಈಗ ಬಂದಿವೆ; ಏಬಲ್‌ಟನ್ ಲೈವ್‌ನ 2024ರ ಆವೃತ್ತಿಯಲ್ಲಿ ಅಂಥವಿವೆ. ಅವುಗಳಿಗೆ ಮುಂದಿನ ಸ್ವರ ತಿಳಿದಿದೆ. ಅಲ್ಲಿ ಏನು ಮಾಡಬೇಕೆಂಬುದನ್ನು ಮಾತ್ರ ಹೇಳುವವರಿಲ್ಲ.

5

ಹೇಳಬೇಕಾದವರು ನಾವು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟವಾದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಕಂಪಿತ, ಸ್ಫುರಿತ, ಜಾರು ಮೊದಲಾದ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳನ್ನಿಟ್ಟು ಸ್ವರಲಿಪಿ ರಚಿಸಿದರು. ಆ ಬಳಿಕ ಬಳಕೆಗೆ ಬಂದ ಸ್ವರಲಿಪಿ ಪುಸ್ತಕಗಳಲ್ಲಿ ಬಹುಪಾಲು ಈ ಚಿಹ್ನೆಗಳನ್ನು ಕೈಬಿಟ್ಟು ಬರಿಯ ಸ್ವರಾಕ್ಷರಗಳನ್ನು ಉಳಿಸಿಕೊಂಡವು. ಗುರುಮುಖ ಇರುವವರೆಗೆ ಅದರಿಂದ ನಷ್ಟ ಕಾಣಲಿಲ್ಲ. ಈ ದೃಷ್ಟಿಯಿಂದ ನೋಡಿದರೆ, ಯಂತ್ರವು ಎಡಗೈಯನ್ನು ಮರೆಯುವ ಮೊದಲೇ ನಮ್ಮ ಬರವಣಿಗೆ ಅದನ್ನು ಮರೆತಿತ್ತು.

ಈ ವಿಷಯದಲ್ಲಿ ನಿಜವಾಗಿ ಅಪಾಯಕ್ಕೆ ಒಳಗಾಗಿರುವುದು ರಾಗವಲ್ಲ, ಕಲಿಯುವವರ ಕಿವಿ. ತಪ್ಪು ಸ್ವರವೇ ಹೊರಡದಂತೆ ಕಟ್ಟಿಹಾಕಿದ ಕೀಬೋರ್ಡಿನ ಮೇಲೆ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಅಪಸ್ವರದ ಅನುಭವವೇ ಆಗುವುದಿಲ್ಲ. ಅಪಸ್ವರವನ್ನು ಕೇಳದವರಿಗೆ ಸುಸ್ವರದ ಬೆಲೆ ತಿಳಿಯುವುದಾದರೂ ಹೇಗೆ? ಆದ್ದರಿಂದ ಇಂಥ ಸಾಧನಗಳನ್ನು ನಿಯಮವಿರುವೆಡೆ ಧಾರಾಳವಾಗಿ ಬಳಸಬೇಕು, ಕಲಿಕೆಯ ಮೊದಲ ವರ್ಷಗಳಲ್ಲಿ ದೂರವಿಡಬೇಕು. ಜೊತೆಗೆ, ಪ್ರತಿ ರಾಗದ ಮುಖ್ಯ ಗಮಕಗಳನ್ನು ಹಿರಿಯ ವಿದ್ವಾಂಸರ ಗಾಯನ, ವಾದನಗಳಿಂದ ಅಳೆದು, ಸಂದರ್ಭಸಹಿತ ವಿವರಿಸುವ ಕೆಲಸವನ್ನು ನಮ್ಮ ಸಂಗೀತ ಸಂಸ್ಥೆಗಳು ಕೈಗೊಳ್ಳಬೇಕು. ಅದರ ಫಲವಾಗಿ ಉತ್ತಮ ಪ್ಲಗ್-ಇನ್ ಹುಟ್ಟದಿದ್ದರೂ ಚಿಂತೆಯಿಲ್ಲ. ನಮ್ಮ ಎಡಗೈ ಏನು ಮಾಡುತ್ತಿದೆ ಎಂಬುದನ್ನು ನಾವೇ ಸ್ಪಷ್ಟವಾಗಿ ಹೇಳಲು ಕಲಿತಂತಾಗುತ್ತದೆ.