ಗ್ರ್ಯಾಂಡ್‌ಮಾಸ್ಟರ್ ಕುರ್ಚಿ ಬಿಟ್ಟು ಏಳದಿದ್ದಾಗ

ಚೆಸ್‌ನ ಓಪನ್ ಟೂರ್ನಿಯ ಮೊದಲ ಸುತ್ತು ನೋಡಲು ಹೋಗುವವರು ಕಡಿಮೆ. ಸ್ವಿಸ್ ಪದ್ಧತಿಯಲ್ಲಿ ರೇಟಿಂಗ್ ಪಟ್ಟಿಯನ್ನು ನಡುವೆ ಸೀಳಿ ಜೋಡಿ ಹಾಕುತ್ತಾರೆ. ನೂರು ಜನರಿದ್ದರೆ ಒಂದನೆಯವರಿಗೆ ಐವತ್ತೊಂದನೆಯವರು ಎದುರಾಳಿ. ಗೆಲ್ಲುವವರು ಯಾರೆಂದು ಗೊತ್ತೇ ಇದೆಯಲ್ಲ, ನೋಡುವುದೇನು ಎನ್ನುತ್ತಾರೆ. ಹೊಸಬರು ನೋಡಲು ಕಲಿಯಬೇಕಾದ್ದು ಈ ಸುತ್ತಿನಲ್ಲೇ ಎಂಬುದು ನನ್ನ ಹಟ.

ಇಂಥ ಅಸಮ ಜೋಡಿ ಎರಡನೇ ಸುತ್ತಿನಲ್ಲೂ ಸಿಗುತ್ತದೆ; 2023ರ ಕತಾರ್ ಮಾಸ್ಟರ್ಸ್‌ನದನ್ನೇ ನೋಡಿ. ಕಪ್ಪು ಕಾಯಿ ಹಿಡಿದ ಮ್ಯಾಗ್ನಸ್ ಕಾರ್ಲ್‌ಸನ್‌ಗೆ 2839 ರೇಟಿಂಗ್. ಎದುರಿಗೆ ಕಜಕಿಸ್ತಾನದ ಅಲಿಶೇರ್ ಸುಲೈಮನೋವ್, 2512. ಈ ರೇಟಿಂಗ್ ಪದ್ಧತಿ ರೂಪಿಸಿದ ಅರ್ಪಾದ್ ಎಲೋ ಕೊಟ್ಟ ಲೆಕ್ಕದಲ್ಲಿ ಇಂಥ ಅಂತರವಿದ್ದರೆ ಹೆಚ್ಚಿನವನಿಂದ ಪ್ರತಿ ಆಟಕ್ಕೆ ಸುಮಾರು 0.87 ಅಂಕದ ನಿರೀಕ್ಷೆ. ಅಂದರೆ ಡ್ರಾ ಆದರೂ ಅವನಿಗೆ ನಷ್ಟವೇ. ಆಟದ ರುಚಿ ಹುಟ್ಟುವುದು ಇಲ್ಲಿಂದ. ಡ್ರಾ ಬೇಡದವನು ಕಾಯಿಗಳ ವಿನಿಮಯ ತಪ್ಪಿಸುತ್ತಾನೆ, ಸರಳ ದಾರಿ ಬಿಟ್ಟು ಗೋಜಲು ಹುಡುಕುತ್ತಾನೆ. ಅದರಲ್ಲಿ ತಾನೇ ಸಿಕ್ಕಿಬೀಳುವುದೂ ಉಂಟು. ಅಂದು ಸುಲೈಮನೋವ್ ಗೆದ್ದರು. ಎದುರಾಳಿಯ ಕೈಗಡಿಯಾರ ಕಂಡು ತನ್ನ ಏಕಾಗ್ರತೆ ಕೆಟ್ಟಿತೆಂದು ಕಾರ್ಲ್‌ಸನ್ ಆಮೇಲೆ ಹೇಳಿಕೊಂಡರು. ಜನ ಅದನ್ನೇ ಚರ್ಚಿಸಿದರು, ಆಟವನ್ನಲ್ಲ.

ನಡೆಗಳ ಒಳಾರ್ಥ ತಿಳಿಯದಿದ್ದರೂ ಚಿಂತೆಯಿಲ್ಲ. ಗಡಿಯಾರ ನೋಡಿ: ದೊಡ್ಡ ಆಟಗಾರ ಯಾವ ನಡೆಗೆ ಮೊದಲ ಬಾರಿ ಹತ್ತು ನಿಮಿಷ ತೆಗೆದುಕೊಂಡ? ಅಲ್ಲಿಯವರೆಗೆ ನಡೆ ಇಟ್ಟು, ಎದ್ದು, ಪಕ್ಕದ ಬೋರ್ಡುಗಳನ್ನು ಇಣುಕುತ್ತಿದ್ದವನು ಈಗ ಕುರ್ಚಿ ಬಿಟ್ಟು ಏಳುತ್ತಿಲ್ಲವೆಂದರೆ ಅಲ್ಲೇನೋ ನಡೆದಿದೆ. ಮೊಬೈಲಿನಲ್ಲಿ ಎಂಜಿನ್ನಿನ ಅಂಕಿ ನೋಡುತ್ತ ಕೂತವರಿಗೆ ಇದು ಸಿಗುವುದಿಲ್ಲ. ಯಂತ್ರಕ್ಕೆ ಭಯದ ಲೆಕ್ಕ ಗೊತ್ತಿಲ್ಲ.

ಭಯ ಇಬ್ಬರಿಗೂ ಇರುತ್ತದೆ. ಕಡಿಮೆ ರೇಟಿಂಗಿನ ಹುಡುಗಿಯೊಬ್ಬಳು ಒಂದು ಕಾಲಾಳು ಮುಂದಿದ್ದಾಳೆ, ಅವಳ ಆನೆಗೆ ದಾರಿ ತೆರೆದಿದೆ ಎನ್ನಿ. ಆಗ ಗ್ರ್ಯಾಂಡ್‌ಮಾಸ್ಟರೇ ಡ್ರಾ ಕೇಳುತ್ತಾರೆ. ಒಪ್ಪಿದರೆ ರೇಟಿಂಗ್ ಏರುತ್ತದೆ, ಮನೆಯವರಿಗೆ ಖುಷಿ, ಹೆಸರಿನ ಎದುರು ಅರ್ಧ ಪಾಯಿಂಟ್. ಎಷ್ಟೋ ಜನ ಒಪ್ಪಿಬಿಡುತ್ತಾರೆ, ನನಗೆ ಸಂಕಟವಾಗುತ್ತದೆ. ಆ ಹೊತ್ತಿಗೆ ಬೋರ್ಡು ನೋಡುವುದನ್ನು ಬಿಟ್ಟು ಹುಡುಗಿಯ ಕೈ ನೋಡಿ: ಹಸ್ತಲಾಘವಕ್ಕೆ ಚಾಚುತ್ತದೋ, ಆನೆಯ ಕಡೆ ಹೋಗುತ್ತದೋ.