ಶಾಸನ: ಕೆತ್ತಿದ್ದೋ, ಕಟ್ಟಳೆಯೋ?

ಈಚೆಗೆ ನಮ್ಮ ಶಾಸನಾಸಕ್ತರ ನಡುವೆ ಒಂದು ಮಾತು ಓಡಾಡ್ತಿದೆ. ಹೀಬ್ರೂ ಬೈಬಲ್ಲಿನ 'ಹಾಕಕ್' ಕ್ರಿಯಾಪದಕ್ಕೆ ಕೆತ್ತು, ಕಟ್ಟಳೆ ವಿಧಿಸು ಎಂಬ ಎರಡೂ ಅರ್ಥ. ನಮ್ಮ 'ಶಾಸನ'ವೂ ಹಾಗೆಯೇ. ಆದ್ದರಿಂದ ಎಲ್ಲೆಡೆ ಕಾನೂನು ಹುಟ್ಟಿದ್ದು ಉಳಿಯ ತುದಿಯಲ್ಲಿ ಅಂತ. ಕೇಳೋಕೆ ಚೆನ್ನ. ಮೊದಮೊದಲು ನಾನೂ ತಲೆಯಾಡಿಸಿದವನೇ. ಈಗ ಒಪ್ಪಲಾರೆ.

ಮೊದಲರ್ಧ ಸರಿ. ಯೆಶಾಯ 22:16ರಲ್ಲಿ ಬಂಡೆ ಕೊರೆದು ನೆಲೆ ಮಾಡಿಕೊಳ್ಳುವವನಿಗೂ, 10:1ರಲ್ಲಿ ಅನ್ಯಾಯದ ಕಟ್ಟಳೆ ಹೊರಡಿಸುವವರಿಗೂ ಇದೇ ಧಾತು. ಅಲ್ಲಿ ಅರ್ಥ ಕಲ್ಲಿನಿಂದ ಆಜ್ಞೆಗೆ ಸರಿದಿದೆ.

ನಮ್ಮದು ತಿರುವುಮುರುವು. ಸಂಸ್ಕೃತದ 'ಶಾಸ್' ಎಂದರೆ ಆಳು, ಆಜ್ಞಾಪಿಸು, ಕಲಿಸು. ಅದರಲ್ಲಿ ಉಳಿ-ಸುತ್ತಿಗೆಯ ಸದ್ದೇ ಇಲ್ಲ. ಸಾರನಾಥದ ಕಂಬದ ಮೇಲೆ ಅಶೋಕನ 'ಸಾಸನ' ಎಂದರೆ ಆದೇಶ. ಬರಹಕ್ಕೆ ಅವನ ಮಾತು 'ಲಿಪಿ'. ಶಿಲಾಶಾಸನ, ತಾಮ್ರಶಾಸನ ಅಂತ ಮುಂದೊಂದು ಪದ ಹಚ್ಚಬೇಕಾದದ್ದೂ ಅದಕ್ಕೇ.

ಬಿಳಿಚೋಡಿನವನಾದ ನನಗೆ ಸಾಕ್ಷಿ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಬಂಡೆ, ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಅದು ಶುರುವಾಗೋದೇ ಹೀಗೆ: ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರ 'ವಚನ'ದಂತೆ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವುದು. ಅಂದರೆ ಆದೇಶದ ಜೊತೆ ಬಂದ ಮುಖಪತ್ರವನ್ನೂ ಕೆತ್ತಿಬಿಟ್ಟಿದ್ದಾರೆ! ನಮ್ಮ ಸೈಟಿನಲ್ಲಿ ಯಾರಾದರೂ ಡ್ರಾಯಿಂಗಿನ ಜೊತೆಗಿನ ಫಾರ್ವರ್ಡಿಂಗ್ ಲೆಟರನ್ನೂ ಕಾಂಕ್ರೀಟಿನ ಮೇಲೆ ಮೂಡಿಸಿದ ಹಾಗೆ. ಈ ಎಡವಟ್ಟಿಗೆ ನಾನು ಋಣಿ. ಆಜ್ಞೆ ಮಾತಾಗಿ ಹೊರಟು, ಊರು ದಾಟಿ ಬಂದು, ಆಮೇಲೆ ಕಲ್ಲೇರಿತು ಅನ್ನೋದನ್ನ ಕಲ್ಲೇ ಹೇಳ್ತಿದೆ. ಕೊನೆಗೆ 'ಲಿಖಿತ' ಎಂದು ಚಪಡನ ಹೆಸರು. 'ಲಿಪಿಕರೇಣ' ಎಂಬುದು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ. 'ಲಿಖ್' ಅಂದರೆ ಮೂಲದಲ್ಲಿ ಗೀರು. ಹಾಕಕ್‌ಗೆ ನಮ್ಮಲ್ಲಿ ನೆಂಟ ಬೇಕಿದ್ದರೆ ಇವನೇ. ಆದರೆ ಅವನು ಬರಹದ ಹೊಸ್ತಿಲಲ್ಲೇ ನಿಂತ, ಆಜ್ಞೆಯಾಗಲಿಲ್ಲ. (ವಿಧಿಲಿಖಿತ, ಹಣೆಬರಹ ಇದೆಯಲ್ಲ ಅಂತೀರಾ? ಒಪ್ಪಿದೆ, ಅಲ್ಲಿ ಬರೆಯೋನು ಬ್ರಹ್ಮ, ಅರಸನಲ್ಲ.)

ಇದು ಬರೀ ಪದದ ಜಗಳವಲ್ಲ. ಅಕ್ಷರವಿದ್ದ ಕಲ್ಲನ್ನೆಲ್ಲ ಇವತ್ತು ಶಾಸನ ಅಂತೀವಿ, ರೂಢಿ, ಇರಲಿ. ಆದರೆ ಆ ಗುಂಗಿನಲ್ಲಿ, ತುರುಗೊಳ್ಳಿನಲ್ಲಿ ಸತ್ತವನ ವೀರಗಲ್ಲಿನ ಮೇಲೆ ರಾಜನ ಹೆಸರು ಕಂಡ ಕೂಡಲೇ 'ರಾಜ ಹೊರಡಿಸಿದ ಶಾಸನ' ಅಂತ ಬರೆದು ಹಾಕ್ತಾರೆ. ಅಲ್ಲಿ ರಾಜ ಬಂದಿರೋದು ಎಷ್ಟೋ ಸಲ ಕಾಲ ಹೇಳೋಕೆ ಮಾತ್ರ. ಕಲ್ಲು ನಿಲ್ಲಿಸಿದವರು ಹೆಂಡತಿಯೋ, ಮಗನೋ, ತಮ್ಮನೋ. ಅವರ ಹೆಸರು ನಮ್ಮ ಶೀರ್ಷಿಕೆಯಲ್ಲೇ ಅಳಿಸಿಹೋಗುತ್ತೆ. ಮುಂದಿನ ಸಲ ಪಡಿಯಚ್ಚು ತೆಗೆಯುವಾಗ ದಯವಿಟ್ಟು ಕಡೆಯ ಸಾಲುಗಳ ಕ್ರಿಯಾಪದ ನೋಡಿ: 'ಕೊಟ್ಟ' ಅಂತ ಇದೆಯೋ, 'ನಿಲಿಸಿದ' ಅಂತ ಇದೆಯೋ.